ಸಕ್ಕರೆ ಕೋಣೆಗೆ ತಾಮ್ರದ ಮೊಳೆ

ಮರ್ಸಿ ನದಿಯ ದಂಡೆಯಲ್ಲಿ ಕಟ್ಟುತ್ತಿದ್ದ ಆ ಉಗಿಹಡಗಿಗೆ ಹೆಸರೇ ಇರಲಿಲ್ಲ. ಮುನ್ನೂರ ಏಳು ಎಂಬ ಅಂಕಿಯೊಂದೇ. ಹುಟ್ಟುವ ಕೂಸಿಗೆ ಹೆಸರು ಯೋಚಿಸದ ಮನೆಯುಂಟೆ? ಬಡಗಿ ಸೈಲಸ್ ರಿಮ್ಮರನ ತಲೆಗೆ ಹುಳ ಹೊಕ್ಕಿತು.

ಕಾರಣವಿತ್ತು. ಕಡಲಾಚೆಯ ಅಮೆರಿಕದ ದಕ್ಷಿಣ ಸೀಮೆಯಲ್ಲಿ ಮನುಷ್ಯರನ್ನೇ ಕೊಂಡು ಮಾರುವ ಧಣಿಗಳು ಯುದ್ಧ ಹೂಡಿದ್ದರು. ಅವರಿಗಾಗಿ ತನ್ನ ಕೈ ದುಡಿಯದೆಂದು ಸೈಲಸ್ ಪ್ರಾರ್ಥನಾ ಮಂದಿರದಲ್ಲಿ ದೇವರಿಗೆ ಮಾತು ಕೊಟ್ಟಿದ್ದ. ಈ ಹಡಗು ಅವರದೇ ಎಂದು ಊರಲ್ಲಿ ಗುಸುಗುಸು. ಅಲ್ಲ, ವ್ಯಾಪಾರದ್ದು ಎಂದು ಮೇಸ್ತ್ರಿ ಟಾಟ್ಲಾಕ್.

ಅಂದು ನೀರಮಟ್ಟದ ಕೆಳಗಿನ ಚಿಕ್ಕ ಕೋಣೆಗೆ ಹಲಗೆ ಹೊದಿಸುವ ಕೆಲಸ.

"ಇಲ್ಲಿ ಬರೀ ತಾಮ್ರದ ಮೊಳೆ, ರಿಮ್ಮರಣ್ಣ. ಕಬ್ಬಿಣ ಸೋಕಬಾರ್ದು."

"ಏನಿಡ್ತಾರೆ ಮೇಸ್ತ್ರಿ ಇಲ್ಲಿ?"

"ಸಕ್ಕರೆ."

"ಸಕ್ಕರೆಗೆ ಇಷ್ಟು ಮಡಿನಾ! ನನ್ನ ಹೆಂಡ್ತಿ ತಗಡಿನ ಡಬ್ಬೀಲಿಡ್ತಾಳೆ."

"ಹಡಗು ಕಟ್ಟಿಸ್ತಿರೋದು ನಿನ್ನ ಹೆಂಡ್ತಿ ಅಲ್ವಲ್ಲ. ಸುಮ್ನೆ ಬಡಿ."

ಮೂವತ್ತು ವರ್ಷದ ರೂಢಿ. ಸೈಲಸನ ಕೈ ನೋಡದೆಯೇ ಮೊಳೆ ಹೆಕ್ಕುತ್ತಿತ್ತು. ಬೆಳಗ್ಗೆ ಮೇಲಿನ ಕೆಲಸದಲ್ಲಿ ಉಳಿದ ಮೂರು ಕಬ್ಬಿಣದ ಮೊಳೆಗಳು ಚೀಲದ ತಳದಲ್ಲಿದ್ದವು. ಅವೂ ತಾಮ್ರದ ಜೊತೆ ಗೋಡೆ ಸೇರಿದವು.

ಮಧ್ಯಾಹ್ನ ಲಾಟೀನು ಹಿಡಿದು ಬಂದ ಟಾಟ್ಲಾಕನ ಬೆರಳು ಒಂದು ಮೊಳೆಯ ಮೇಲೆ ನಿಂತಿತು. ಮುಖ ಬಿಳಿಚಿತು.

"ಕಬ್ಬಿಣ! ಕೀಳಯ್ಯಾ ಮೊದ್ಲು! ಒಂದು ಕಿಡಿ ಹಾರಿದ್ರೆ ಹಡಗಿಗೆ ಹಡಗೇ ಚೂರಾಗತ್ತೆ!"

ಸೈಲಸ್ ಮೊಳೆ ಕಿತ್ತು ಅಂಗೈಯಲ್ಲಿಟ್ಟುಕೊಂಡ.

"ಸಕ್ಕರೆ ಸಿಡಿಯೋದು ನಾನು ಕೇಳೇ ಇರ್ಲಿಲ್ಲ, ಮೇಸ್ತ್ರಿ. ಫಿರಂಗಿ ಮದ್ದು ಸಿಡಿಯತ್ತೆ ಅಂತ ಗೊತ್ತು."

ಟಾಟ್ಲಾಕ್ ಲಾಟೀನು ಕೆಳಗಿಳಿಸಿದ. "ಊರ ಉಸಾಬರಿ ನಿಂಗ್ಯಾಕಪ್ಪಾ? ಕೂಲಿ ಬರ್ತಿಲ್ವಾ?"

"ಬರ್ತಿದೆ. ಕೊಟ್ಟ ಮಾತೂ ಇದೆ. ನಾಳೆಯಿಂದ ನಾನು ಬರಲ್ಲ."

ಹಾಗೆಂದವನು ಏಣಿಯ ಮೇಲೆ ಕಾಲಿಟ್ಟ, ನಿಂತ. ಬೆಳಗ್ಗೆ ಚೀಲದಲ್ಲಿ ಉಳಿದಿದ್ದ ಕಬ್ಬಿಣದ ಮೊಳೆ ಮೂರು, ಈಗ ಚೀಲದಲ್ಲಿ ಒಂದೂ ಇಲ್ಲ; ಇನ್ನೆರಡು ಗೋಡೆಯಲ್ಲೇ ಇದ್ದವು, ಅವನಿಗೊಬ್ಬನಿಗೇ ಗೊತ್ತು. ಬಿಟ್ಟು ನಡೆದರೆ ಕೇಳುವವರಿಲ್ಲ. ಆದರೆ ಹಡಗು ಯಾರದೇ ಆಗಲಿ, ಒಳಗಿರುವ ನಾವಿಕರೂ ಯಾವ ತಾಯಿಯ ಮಕ್ಕಳೋ.

ತಿರುಗಿ ಬಂದು ಮಂಡಿಯೂರಿದ. ಹಲಗೆಯ ಮೇಲೆ ಮೆಲ್ಲಗೆ ಬೆರಳಾಡಿಸಿ ಒಂದನ್ನು, ಬಹಳ ಹೊತ್ತಿನ ಮೇಲೆ ಇನ್ನೊಂದನ್ನು ಹುಡುಕಿ ಕಿತ್ತ. ಆ ತೂತುಗಳಿಗೆಲ್ಲ ತಾಮ್ರದ್ದನ್ನೇ ಬಡಿದು ತನ್ನ ಹತಾರ ಕಟ್ಟಿಕೊಂಡ.

"ಹೆಸರೇನಿಡ್ತಾರೆ, ಅದೊಂದು ಹೇಳ್ಬಿಡಿ ಮೇಸ್ತ್ರಿ. ಇಲ್ದಿದ್ರೆ ನಿದ್ದೆ ಬರಲ್ಲ."

"ದೇವರಾಣೆಗೂ ನಂಗೂ ಗೊತ್ತಿಲ್ಲ ಕಣಣ್ಣಾ."

ಸೈಲಸ್ ನಕ್ಕು ಏಣಿ ಹತ್ತಿದ. ಜೇಬಿನಲ್ಲಿ ಮೂರು ಮೊಳೆಗಳು ಕಿಣಿಕಿಣಿ ಎನ್ನುತ್ತಿದ್ದವು.