ಭಿಕ್ಖುಣಿಯ ಹಣೆ

ಪ್ರದರ್ಶನದ ಬಾಗಿಲು ತೆರೆಯಲು ಇನ್ನೂ ಒಂದು ತಾಸು ಇತ್ತು. ನೀಲಾ ಸ್ಟೂಲಿನ ಮೇಲೆ ನಿಂತು, ಗೋಡೆಗೆ ತೂಗುಹಾಕಿದ್ದ ಚಿತ್ರದ ಭಿಕ್ಖುಣಿಗೆ ಕೂದಲು ಬರೆಯುತ್ತಿದ್ದಳು. ಆ ಬೋಳು ತಲೆ ಬರೆಯಲು ಇಪ್ಪತ್ತು ದಿನ ಹಿಡಿದಿತ್ತು; ಮುಚ್ಚಲು ಅರ್ಧ ತಾಸೂ ಬೇಕಾಗಲಿಲ್ಲ. ಆಮೇಲೆ ಸಣ್ಣ ಕುಂಚ ಹಿಡಿದು, ಉಸಿರು ಬಿಗಿಹಿಡಿದು, ಹಣೆಯ ನಡುವೆ ಕುಂಕುಮ ಇಟ್ಟಳು. ಅದು ಕೊಂಚ ಸೊಟ್ಟಗಾಯಿತು.

ಯಾರನ್ನೂ ಬೈಯುವಂತಿರಲಿಲ್ಲ, ತಪ್ಪು ಅವಳದೇ. ಧಾರವಾಡದಲ್ಲಿ ಅವಳ ಮೊದಲ ಪ್ರದರ್ಶನ ಇದು. ಹನ್ನೊಂದು ಹೆಂಗಸರನ್ನು ಬರೆದಿದ್ದಳು. ಕೆಲವರು ಬಂಗಾಳಿ ಕಾದಂಬರಿಗಳ ದೊಡ್ಡಮನೆಯ ಸೊಸೆಯರು. ಉಳಿದವರು ಬೌದ್ಧ ಗ್ರಂಥಗಳಲ್ಲಿ ಮನೆ ಬಿಟ್ಟು ನಡೆದ ಭಿಕ್ಖುಣಿಯರು. ಮುಖಗಳು ಮಾತ್ರ ಅವಳಿದ್ದ ಕೆಲಗೇರಿಯ ಓಣಿಯವು. ಪಕ್ಕದ ಮನೆಯ ಮುರಿಗೆವ್ವ, ಹತ್ತಿ ವ್ಯಾಪಾರಿ ಸಿದ್ದಪ್ಪನ ಹೆಂಡತಿ, ಬಂಗಾಳಿ ಸೊಸೆಯಂತೆ ಕೆಂಪಂಚಿನ ಬಿಳಿ ಸೀರೆಯುಟ್ಟು ಮೂರು ತಿಂಗಳು ಮಧ್ಯಾಹ್ನದ ಹೊತ್ತು ಬಂದು ಕೂತಿದ್ದಳು. ಗಂಡನಿಗೆ ಹೇಳದೆ ಬರುತ್ತಿದ್ದಳು; ನೀಲಾಳ ಮನೆಯ ಚಹಾವನ್ನೂ ಹೇಳದೆಯೇ ಕುಡಿಯುತ್ತಿದ್ದಳು. ನೀಲಾ ಆ ಓಣಿಗೆ ಬಂದು ಹದಿನೆಂಟು ವರ್ಷವಾದರೂ, ಹೊಸ್ತಿಲು ದಾಟಿ ಒಳಗೆ ಬಂದ ನೆರೆಯವಳು ಅವಳೊಬ್ಬಳೇ.

ಅಂಥವಳನ್ನು ಒಂದು ಮಾತು ಕೇಳದೆ, ಅದೇ ಮುಖಕ್ಕೆ ತಲೆ ಬೋಳಿಸಿ, ವಿಭೂತಿ ಕುಂಕುಮ ಎರಡನ್ನೂ ಬಿಟ್ಟು, ನೀಲಾ ಇನ್ನೊಂದು ಚಿತ್ರ ಬರೆದುಬಿಟ್ಟಿದ್ದಳು. ಬುದ್ಧನ ಪಟದ ಮುಂದೆ ಕೈಮುಗಿದು ಬೆಳೆದವಳಿಗೆ ಬರಿಯ ಹಣೆಯಲ್ಲಿ ಕೆಟ್ಟದ್ದೇನೂ ಕಂಡಿರಲಿಲ್ಲ. ಮೊನ್ನೆ ಸಿದ್ದಪ್ಪನಿಗೆ ಎದೆನೋವು ಬಂದು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದರು. ನಾಳೆ ಆಪರೇಷನ್ ಎಂದು ಗೊತ್ತಾದ ಮೇಲೆ ನೀಲಾಳಿಗೂ ಆ ಚಿತ್ರದ ಬಗ್ಗೆ ಅಂಜಿಕೆ ಹುಟ್ಟಿತು. ಅವಳ ಗಂಡ ಪ್ರಬುದ್ಧನಂತೂ ಅದನ್ನು ನೋಡಿದವನೇ ಕೆಳಗಿಳಿಸು ಎಂದಿದ್ದ.

"ನಮಗ ಆಕಿ ಭಿಕ್ಖುಣಿ. ಆ ಮನಿಯವ್ರ ಕಣ್ಣಿಗೆ ಗಂಡ ಸತ್ತಾಕಿ. ನಾಳೆ ಆ ಮನಷ್ಯಾಗ ಏನರ ಆದ್ರ, ನೀ ಬರದದ್ದಕ್ಕನ ಆತು ಅಂತಾರ."

ಇಳಿಸಲು ಮನಸ್ಸು ಬರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಕುಂಚ ಹಿಡಿದಿದ್ದಳು.

ಬಾಗಿಲು ತೆರೆದಾಗ ಮೊದಲು ಒಳಗೆ ಬಂದವಳು ಮುರಿಗೆವ್ವ. ಗಂಡನ ಬಟ್ಟೆಯ ಚೀಲ ಕೈಯಲ್ಲಿತ್ತು. ಹುಬ್ಬಳ್ಳಿಗೆ ಹೊರಟ ಆಟೋ ಹೊರಗೆ ನಿಂತಿತ್ತು. ಬಂಗಾಳದ ಸೊಸೆಯಾಗಿದ್ದ ತನ್ನದೇ ಚಿತ್ರದ ಮುಂದೆ ಅವಳು ಒಂದು ಗಳಿಗೆಯೂ ನಿಲ್ಲಲಿಲ್ಲ. ನೇರವಾಗಿ ಭಿಕ್ಖುಣಿಯ ಮುಂದೆ ಬಂದು ನಿಂತಳು. ಸದ್ಯ, ಬದುಕಿದೆ ಎಂದುಕೊಂಡಳು ನೀಲಾ.

"ಈಕಿ ಅಲ್ಲ. ಬೋಳ ತಲಿಯಾಕಿ ಎಲ್ಲಿ ಅದಾಳ?"

ನೀವು ಅದನ್ನು ಯಾವಾಗ ನೋಡಿದಿರಿ ಎಂದು ನೀಲಾ ಹೇಗೋ ಕೇಳಿದಳು. ಚಹಾ ಮಾಡಲು ನೀಲಾ ಒಳಗೆ ಹೋದಾಗಲೆಲ್ಲ ಮುಚ್ಚಿದ ಬಟ್ಟೆ ಸರಿಸಿ ನೋಡುತ್ತಿದ್ದಳಂತೆ. ಕಡೆಕಡೆಗೆ ಅದನ್ನು ನೋಡಲಿಕ್ಕೇ ಬರುತ್ತಿದ್ದಳಂತೆ.

"ನಾಳೆ ಅವರಿಗೆ ಏನಾಗತೈತೋ ಏನೋ, ತಂಗಿ," ಎಂದಳು ಮುರಿಗೆವ್ವ, ಚೀಲವನ್ನು ಎದೆಗೆ ಒತ್ತಿಕೊಂಡು. "ರಾತ್ರೆಲ್ಲಾ ನಿದ್ದಿ ಇಲ್ಲ. ಆಕಿ ಮುಖದಾಗ ಅಂಜಿಕಿ ಇರಲಿಲ್ಲ. ಒಮ್ಮಿ ನೋಡಿ ಹೋಗೂಣಂತ ಬಂದೆ."

ನೀಲಾಳಿಗೆ ನಾಚಿಕೆಯಿಂದ ಅಳು ಬಂತು. ಬಣ್ಣ ಇನ್ನೂ ಹಸಿಯಿದೆ, ಒರೆಸಿದರೆ ಕೆಳಗೆ ಅವಳೇ ಇದ್ದಾಳೆ ಎಂದು ತಡವರಿಸುತ್ತ ಹೇಳಿದಳು. ಟರ್ಪಂಟೈನಿನಲ್ಲಿ ಬಟ್ಟೆ ಅದ್ದಿ ಸ್ಟೂಲು ಹತ್ತಿದಳು. ಹಣೆಯ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ಗಂಡ ಆಸ್ಪತ್ರೆಯಲ್ಲಿರುವವಳನ್ನು ಎದುರಿಗೇ ನಿಲ್ಲಿಸಿಕೊಂಡು ಆ ಕುಂಕುಮ ಒರೆಸುವುದು ಹೇಗೆ? ತಿರುಗಿ ನೋಡಿದಳು. ಮುರಿಗೆವ್ವನೂ ಆ ಬಟ್ಟೆಯನ್ನೇ ನೋಡುತ್ತಿದ್ದಳು. ಹೊರಗೆ ಆಟೋದವನು ಹಾರ್ನ್ ಹೊಡೆದ.

"ಕೂದಲ ಅಷ್ಟ ಒರಸು," ಎಂದಳು ಮುರಿಗೆವ್ವ ಸಣ್ಣ ದನಿಯಲ್ಲಿ. "ಕುಂಕುಮ ಇರ್ಲಿ. ನಾಳೆ ಒಂದ ದಿನ ಕಳೀಲಿ."

ನೀಲಾ ಬಟ್ಟೆಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು, ಕೆಂಪಿಗೆ ತಾಗದಂತೆ, ಕಿವಿಯ ಮೇಲಿನಿಂದ ಒರೆಸತೊಡಗಿದಳು.