ಗೇಟಿನಲ್ಲಿ ನಮ್ಮವರು

ದೂರದ ಬಂಗಾಳಿ ಮಹಾನಗರದ ಸಾಲ್ಟ್ ಲೇಕ್‌ನಲ್ಲಿ ಸಾಫ್ಟ್‌ವೇರ್ ಕಂಪನಿಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಲೇಕ್ ಮಾರ್ಕೆಟ್‌ನಲ್ಲಿ ಉಡುಪಿ ಹೋಟೆಲ್ ಇಟ್ಟಿದ್ದ ಜಯಕರಣ್ಣನಿಗೆ ಅಂಥದೊಂದು ಕಂಪನಿಯ ಕ್ಯಾಂಟೀನ್ ಸಿಕ್ಕಿದ್ದೇ ತಡ, ಮನುಷ್ಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ದೋಸೆ ಹುಯ್ಯುವ, ಪೂರಿ ಕರಿಯುವ ಹೆಂಗಸರ್‍ಯಾರೂ ಖಾಯಂ ಅಲ್ಲ. ಸಂಜೆ ಫೋನ್ ಬಂದರೆ ಮರುದಿನ ಕೆಲಸ, ಇಲ್ಲದಿದ್ದರೆ ಇಲ್ಲ. ಊರ ಕಡೆಯ ಮುಕ್ತಾ, ಜಲಜಾ ಎಲ್ಲ ಆ ಫೋನಿಗೇ ಕಿವಿ ಕೊಟ್ಟು ಕೂತಿರುತ್ತಿದ್ದರು.

ಕಂಪನಿಯ ಗೇಟಿನಲ್ಲಿ ಹೋಟೆಲಿನ ವ್ಯಾನು ನಿಂತರೆ ಸೆಕ್ಯೂರಿಟಿಯವನು ಹಿಂದೆ ಕೂತ ಹೆಂಗಸರತ್ತ ಕೈ ತೋರಿಸಿ, "ಇವರೆಲ್ಲ ಯಾರು?" ಎಂದು ಹಿಂದಿಯಲ್ಲಿ ಕೇಳುವುದು, ಜಯಕರಣ್ಣ ಎದೆಯುಬ್ಬಿಸಿ "ನಮ್ಮವರು, ಎಲ್ಲ ನಮ್ಮವರು" ಎನ್ನುವುದು ದಿನದ ಶಾಸ್ತ್ರ. ಕೇಳಲು ಮುಕ್ತಾಗೆ ಹಿತವಾಗಿಯೇ ಇತ್ತು.

ಒಂದು ಸೋಮವಾರ ಬಾಣಲೆ ವಾಲಿ ಜಲಜಾಳ ಬಲಗೈ ಸುಟ್ಟಿತು. ಮುಕ್ತಾ ಅವಳನ್ನು ಆಸ್ಪತ್ರೆಯಲ್ಲಿ ತೋರಿಸಿ, ಸಂಜೆ ಹೋಟೆಲಿಗೆ ಹೋಗಿ ಕೇಳಿದಳು: "ಔಷಧ ನೀವು ನೋಡಿಕೊಳ್ಳಿ ಜಯಕರಣ್ಣ. ವಾಸಿಯಾದ ಮೇಲೆ ಅವಳ ಕೆಲಸ ಅವಳಿಗೇ ಇರಲಿ."

"ಅವಳೆಂಥ ನಮ್ಮ ಕೆಲಸದವಳಾ ಮಾರಾಯ್ತಿ? ಕರೆದ ದಿನ ಬರುವವಳು. ಬೇರೆ ಜನ ನೋಡಿ ಆಯ್ತು."

ಮುಕ್ತಾಗೆ ಮೈಯೆಲ್ಲ ಉರಿಯಿತು. ಹೆದರಿಕೆಯೂ ಆಯಿತು. ನಾಳೆ ಬಾಣಲೆ ತನ್ನ ಕಡೆಗೇ ವಾಲಿದರೆ? ಮನೆಗೆ ಹೋಗುವ ಮೊದಲು ಉಳಿದ ಹೆಂಗಸರನ್ನೆಲ್ಲ ಕಂಡು ಮಾತಾಡಿದಳು.

ಮರುದಿನ ಗೇಟಿನಲ್ಲಿ ಅದೇ ಪ್ರಶ್ನೆ. "ನಮ್ಮವರು" ಎಂದು ಜಯಕರಣ್ಣ ಬಾಯಿ ಮುಚ್ಚುವಷ್ಟರಲ್ಲಿ ಮುಕ್ತಾ ತಲೆ ಹೊರಹಾಕಿದಳು. "ಅಲ್ಲ ಭೈಯಾ, ನಾವು ಇವರವರಲ್ಲ."

"ನಾವೂ ಅಲ್ಲ" ಎಂದರು ಉಳಿದವರು.

ಸೆಕ್ಯೂರಿಟಿಯವನು ಗೇಟು ಎಳೆದುಬಿಟ್ಟ. ಹಿಂದೆ ಕಾರುಗಳು ಹಾರ್ನ್ ಬಾರಿಸತೊಡಗಿದವು. ಒಳಗೆ ತಿಂಡಿಯ ಹೊತ್ತು ಹತ್ತಿರವಾಗುತ್ತಿತ್ತು.

"ಎಂಥ ತಮಾಷೆ ಇದು, ಮುಕ್ತಾ?"

"ನಿನ್ನೆ ನೀವು ಹೇಳಿದ್ದನ್ನೇ ಹೇಳಿದ್ದು. ಗೇಟಿನಲ್ಲಿ ನಿಮ್ಮವರು, ಆಸ್ಪತ್ರೆಯಲ್ಲಿ ಯಾರವರು?"

ಜಯಕರಣ್ಣ ಬೆವರು ಒರೆಸಿಕೊಂಡ. ಸಿಟ್ಟು ಬಂದಿತ್ತು; ಅದರ ಹಿಂದೆಯೇ ನಾಚಿಕೆಯೂ ಬಂತು.

"ಆಯ್ತು. ಔಷಧ ನನ್ನದು, ಜಾಗ ಅವಳದ್ದು. ನಿಮಗೂ ಹಾಗೆಯೇ. ಸಾಕಾ?"

"ಗೇಟಿನವನಿಗೂ ಹೇಳಿ."

"ಇವರು ನಮ್ಮವರು," ಜಯಕರಣ್ಣ ಹಿಂದಿಯಲ್ಲಿ ತಡವರಿಸಿದ, "ಮನೆಯಲ್ಲಿ ಕೈ ಸುಟ್ಟುಕೊಂಡು ಕೂತವಳೂ ನಮ್ಮವಳೇ."

"ವ್ಯಾನಿನಲ್ಲಿ ಇಲ್ಲದವಳ ಸುದ್ದಿ ನನಗೇಕೆ?" ಎನ್ನುತ್ತ ಅವನು ಗೇಟು ತೆರೆದ.

ಕೈಯ ಗಾಯ ಮಾಗಿ ಜಲಜಾ ಮರಳಿದ ದಿನ ಸೆಕ್ಯೂರಿಟಿಯವನು ಜಯಕರಣ್ಣನನ್ನು ಕೇಳಲೇ ಇಲ್ಲ. ಹಿಂದಕ್ಕೆ ಬಂದು ಹೆಂಗಸರನ್ನೇ ಕೇಳಿದ: "ನೀವು ಇವರವರೋ?"

ಜಯಕರಣ್ಣ ತಿರುಗಿ ನೋಡಿದ.

"ಸದ್ಯಕ್ಕೆ ಹೌದು" ಎಂದಳು ಜಲಜಾ.