ಗೆರೆಮೂಗಿನ ಮನೆ

ಹಾಸಿಗೆ ಅಂಗಡಿ ಎಲ್ಲಿ ಎಂದು ಆ ಬೀದಿಯಲ್ಲಿ ಕೇಳಿದರೆ ಯಾರೂ ಬೋರ್ಡು ತೋರಿಸುತ್ತಿರಲಿಲ್ಲ. "ಗೆರೆಮೂಗಿನವರದಾ? ಅದೋ ಅಲ್ಲಿ," ಎನ್ನುತ್ತಿದ್ದರು. ಮುಂದಿನ ಕೋಣೆಯಲ್ಲಿ ಹತ್ತಿ ಹಿಂಜುವ ಯಂತ್ರ, ಪಕ್ಕದಲ್ಲಿ ಹೊಲಿಗೆಯ ಹಲಗೆ, ಆಮೇಲೆ ಒಂದು ಪರದೆ, ಪರದೆಯ ಆಚೆ ಸಂಸಾರ. ಯಂತ್ರ ತಿರುಗಿತೆಂದರೆ ನುಣ್ಣನೆಯ ಧೂಳು ಪರದೆ ದಾಟಿ ಊಟದ ತಟ್ಟೆಯವರೆಗೂ ಬರುತ್ತಿತ್ತು. ಅದನ್ನು ಧೂಳು ಎಂದು ಆ ಮನೆಯಲ್ಲಿ ಯಾರೂ ಕರೆದದ್ದಿಲ್ಲ. ಹೊಟ್ಟೆಗೆ ಅನ್ನ ಹಾಕುವ ಹತ್ತಿಯನ್ನು ಯಾರಾದರೂ ಹಾಗೆ ಬೈಯುತ್ತಾರೆಯೇ?

ಮನೆಮಂದಿಯ ಮುಖವೆಲ್ಲ ಒಂದೇ ಅಚ್ಚು. ಮೂಗಿನ ತುದಿಯಿಂದ ಸ್ವಲ್ಪ ಮೇಲೆ ಅಡ್ಡಕ್ಕೆ ಒಂದು ಗೆರೆ, ಕಣ್ಣಿನ ಕೆಳಗೆ ಕಪ್ಪು ನೆರಳು, ಏನೋ ಹೇಳಲು ಹೊರಟು ಮರೆತವರ ಹಾಗೆ ಅರೆ ತೆರೆದ ಬಾಯಿ. ಮಾತಿನ ನಡುವೆ ಅಂಗೈಯಿಂದ ಮೂಗನ್ನು ಕೆಳಗಿನಿಂದ ಮೇಲಕ್ಕೆ ಉಜ್ಜುವುದು ಎಲ್ಲರಿಗೂ ಅಭ್ಯಾಸ. "ಸಲಾಂ ಹೊಡೆಯೋದು ಗಿರಾಕಿಗೋ, ಮೂಗಿಗೋ?" ಎಂದು ಎದುರಿನ ಗಡಿಯಾರ ರಿಪೇರಿಯವನು ಕಿಚಾಯಿಸುತ್ತಿದ್ದ.

ಈ ಮುಖದ ಬಗ್ಗೆ ಎಲ್ಲರಿಗಿಂತ ಹೆಚ್ಚು ಹೆಮ್ಮೆ ಅಜ್ಜಿಗೆ. ತಮಾಷೆಯೆಂದರೆ ಅವಳು ಆ ಮನೆಯಲ್ಲಿ ಹುಟ್ಟಿದವಳೇ ಅಲ್ಲ. ಸೊಸೆಯಾಗಿ ಬಂದಾಗ ಅವಳ ಮೂಗು ನುಣ್ಣಗಿತ್ತು, ಅತ್ತೆಗೆ ಅವಳು ಮಾಡಿದ್ದು ಯಾವುದೂ ಹಿಡಿಸುತ್ತಿರಲಿಲ್ಲ. ಹಾಕಿದ ಹೊಲಿಗೆಯನ್ನೆಲ್ಲ ಬಿಚ್ಚಿಸುತ್ತಿದ್ದಳು. ಕೆಲವು ವರ್ಷ ಯಂತ್ರದ ಮುಂದೆ ಕೂತು ಸೀನಿದ ಮೇಲೆ ಒಂದು ಬೆಳಿಗ್ಗೆ ಅತ್ತೆ ಅವಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. "ಬಂತು ನೋಡು ಗೆರೆ! ಈಗ ನೀನು ನಮ್ಮವಳಾದೆ." ಹೊಲಿಗೆ ಬಿಚ್ಚಿಸುವುದು ಅಂದಿಗೇ ನಿಂತಿತು. ಮುಂದೆ ತನ್ನ ಸೊಸೆಗೂ ಗೆರೆ ಮೂಡಿದಾಗ ಅಜ್ಜಿ ಅದೇ ಮಾತು ಹೇಳಿ ಅವಳನ್ನು ತಬ್ಬಿಕೊಂಡಿದ್ದಳು. ಮೊಮ್ಮಗಳು ಗುಬ್ಬಿಗಂತೂ ಶಾಲೆಗೆ ಸೇರುವ ಮೊದಲೇ ಬಂದಿತ್ತು. "ಈ ಗೆರೆ ಇದ್ದೋರೇ ಈ ಮನೆಯೋರು," ಎಂದು ಅಜ್ಜಿ ಅವಳ ಮೂಗನ್ನು ಮುದ್ದಾಡುತ್ತಿದ್ದಳು.

ತಕರಾರು ಶುರುವಾದದ್ದು ಗುಬ್ಬಿಯ ಟೀಚರಿಂದ. ಮಗು ಪಾಠದ ನಡುವೆ ತೂಕಡಿಸುತ್ತಾಳೆ, ಬಾಯಲ್ಲೇ ಉಸಿರಾಡುತ್ತಾಳೆ, ಡಾಕ್ಟರಿಗೆ ತೋರಿಸಿ ಎಂದು ಸೊಸೆಗೆ ಹೇಳಿ ಕಳಿಸಿದರು. ಅಜ್ಜಿಗೆ ಮೈಯೆಲ್ಲ ಉರಿಯಿತು.

"ನಮ್ಮ ಮನೆ ಮುಖಕ್ಕೆ ಔಷಧಿನಾ? ನಡಿ, ನಾನೂ ಬರ್ತೀನಿ. ಆ ಡಾಕ್ಟ್ರನ್ನ ನಾನೇ ವಿಚಾರಿಸ್ಕೋತೀನಿ."

ಮೂಗಿನ ಡಾಕ್ಟರಮ್ಮನಿಗೆ ಆತುರವೆಂಬುದೇ ಇರಲಿಲ್ಲ. ಗುಬ್ಬಿಯ ಮೂಗಿನೊಳಗೆ ಬೆಳಕು ಬಿಟ್ಟು ನೋಡಿದರು, ಬಾಯಿ ತೆರೆಸಿ ಅಂಗುಳ ನೋಡಿದರು. ಆಮೇಲೆ ಅಜ್ಜಿಯನ್ನೂ ಸೊಸೆಯನ್ನೂ ಸ್ವಲ್ಪ ಹೊತ್ತು ನೋಡುತ್ತಲೇ ಇದ್ದರು.

"ಧೂಳಿನ ಅಲರ್ಜಿ," ಎಂದರು. "ಮೂಗಿನ ಒಳಪದರ ಊದ್ಕೊಂಡಿದೆ. ಅಲ್ಲಿ ರಕ್ತ ಸರಾಗವಾಗಿ ಹರಿಯಲ್ಲ, ಅದಕ್ಕೇ ಕಣ್ಣ ಕೆಳಗೆ ಕಪ್ಪು. ತುರಿಕೆಗೆ ಉಜ್ಜೀ ಉಜ್ಜೀ ಈ ಗೆರೆ. ಮೂಗು ಕಟ್ಟಿದ್ರೆ ಬಾಯಿ ತೆರೀಲೇಬೇಕಲ್ಲ? ಬೆಳೆಯೋ ಮಕ್ಕಳಲ್ಲಿ ಇದು ವರ್ಷಗಟ್ಲೆ ನಡೆದ್ರೆ ಮುಖ ಉದ್ದ ಆಗ್ಬಹುದು, ಅಂಗುಳ ಕಿರಿದಾಗಿ ಹಲ್ಲಿನ ಸಾಲು ಕೆಡ್ಬಹುದು. ಇವಳ ಮೂಳೆ ಇನ್ನೂ ಎಳೇದು. ತಡ ಮಾಡೋದು ಬೇಡ."

"ಇದು ನಮ್ಮ ವಂಶದ ಗುರುತಮ್ಮ. ರಕ್ತದಲ್ಲೇ ಬಂದಿದ್ದು."

"ಅಲರ್ಜಿ ಆಗೋ ಗುಣ ರಕ್ತದಲ್ಲಿ ಬರಬಹುದು ಅಜ್ಜಿ, ಇಲ್ಲ ಅನ್ನಲ್ಲ. ನೀವು ಅಪ್ಪನ ಕಡೆಯೋರಾ, ಅಮ್ಮನ ಕಡೆಯೋರಾ?"

"ಅಪ್ಪನ ಅಮ್ಮ ನಾನು. ಈ ಮನೆಗೆ ಸೊಸೆಯಾಗಿ ಬಂದೋಳು..."

ಅಜ್ಜಿ ಪಕ್ಕದಲ್ಲಿದ್ದ ಸೊಸೆಯ ಮೂಗು ನೋಡಿದಳು. ಬೇಸಿನ್ನಿನ ಮೇಲಿನ ಕನ್ನಡಿಯಲ್ಲಿ ತನ್ನ ಮೂಗನ್ನೂ ನೋಡಿದಳು. ಇಬ್ಬರಿಗೂ ಅದೇ ಗೆರೆ, ಇಬ್ಬರಲ್ಲೂ ಆ ವಂಶದ ಒಂದು ಹನಿ ರಕ್ತವಿಲ್ಲ. ಇಷ್ಟು ವರ್ಷ ಇದು ತಲೆಗೇ ಹೋಗಲಿಲ್ಲವಲ್ಲ! ಊದಿದರೆ ಹಾರಿಹೋಗುವ ಧೂಳು ಮೂಗಿನ ಕಿಂಡಿಯಲ್ಲಿ ಕೂತು ಇಡೀ ಮನೆಯವರ ಮುಖವನ್ನು ತನಗೆ ಬೇಕಾದ ಹಾಗೆ ತಿದ್ದಿಬಿಟ್ಟಿತ್ತು. ಜಗಳಕ್ಕೆಂದು ಬಂದ ಅಜ್ಜಿ ಬೆರಗಾಗಿ ಕೂತಳು.

ಡಾಕ್ಟರಮ್ಮ ಸ್ಪ್ರೇ ಹಾಕುವ ಬಗೆ ತೋರಿಸಿದರು. "ತುದಿ ಮೂಗಿನ ನಡುಗೋಡೆ ಕಡೆ ಬೇಡ, ಹೊರಗಡೆಗೆ, ಕಿವಿ ಕಡೆಗೆ ತಿರುಗಿಸಿ. ಬಿಡದೆ ದಿನಾ ಹಾಕ್ಬೇಕು. ನಾಳೇನೇ ಗುಣ ಆಗ್ಲಿಲ್ಲ ಅಂತ ಮೂಲೆಗೆಸೀಬೇಡಿ, ಕೆಲವು ವಾರ ಹಿಡಿಯುತ್ತೆ. ಕುದಿಸಿ ಆರಿಸಿದ ನೀರಿಗೆ ಉಪ್ಪು ಹಾಕಿ ಮೂಗು ತೊಳೀರಿ. ಎಲ್ಲಕ್ಕಿಂತ ಮೊದ್ಲು ಆ ಧೂಳು ಮಗು ಮಲಗೋ ಕಡೆ ಬರಬಾರದು." ಆಮೇಲೆ ಅಜ್ಜಿಯ ಮೂಗಿಗೂ ಬೆಳಕು ಬಿಟ್ಟು ನೋಡಿ, "ನಿಮಗೆ ವಾಸನೆ ಗೊತ್ತಾಗುತ್ತಾ?" ಎಂದು ಕೇಳಿದರು.

"ಅದು ಯಾವತ್ತೋ ಬಿಟ್ಟು ಹೋಯ್ತು. ಅದಿಲ್ದೆ ಏನು ಕೆಲಸ ನಿಂತಿದೆ?"

ಡಾಕ್ಟರಮ್ಮ ಅವಳಿಗೂ ಒಂದು ಸ್ಪ್ರೇ ಬರೆದರು.

ಮಗ ಪರದೆ ಕಿತ್ತು ಇಟ್ಟಿಗೆಯ ಗೋಡೆ ಕಟ್ಟಿಸಿದ, ಬಾಗಿಲು ಕೂರಿಸಿದ. ಯಂತ್ರದ ಮುಂದೆ ಎಲ್ಲರ ಮುಖಕ್ಕೂ ಮಾಸ್ಕು ಬಂತು. ಗುಬ್ಬಿಯ ದಿಂಬು ಹಾಸಿಗೆಗಳಿಗೆ ಸೊಸೆ ಧೂಳು ನುಸುಳದಂಥ ಒತ್ತಾದ ನೇಯ್ಗೆಯ ಗವಸು ಹೊಲಿದಳು. ಎಲ್ಲವೂ ಆಯಿತು, ಗುಬ್ಬಿ ಮಾತ್ರ ಸ್ಪ್ರೇ ಕಂಡರೆ ಮಂಚದ ಕೆಳಗೆ ನುಸುಳಿಬಿಡುತ್ತಿದ್ದಳು. ಅಮ್ಮ ಗದರಿದಳು, ಅಪ್ಪ ಆಟಿಕೆಯ ಆಸೆ ತೋರಿಸಿದ. ಜಪ್ಪಯ್ಯ ಅಂದರೂ ಹುಡುಗಿ ಬರಲಿಲ್ಲ. ಕೊನೆಗೆ ಅಜ್ಜಿ ಮಂಡಿಯೂರಿ ಮಂಚದ ಕೆಳಗೆ ಬಗ್ಗಿದಳು.

"ಉರಿಯುತ್ತೇನೇ?"

"ಇಲ್ಲ."

"ಮತ್ತೆ?"

"ಗೆರೆ ಹೋದ್ರೆ ನಾನು ಈ ಮನೆಯವಳಲ್ವಲ್ಲ," ಎಂದು ಗುಬ್ಬಿ ಎರಡೂ ಕೈಯಿಂದ ಮೂಗು ಮುಚ್ಚಿಕೊಂಡಳು. "ನೀನೇ ಹೇಳಿದ್ದು."

ಅಜ್ಜಿಗೆ, ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತಿದ್ದ ಹೊಸ ಸೊಸೆಯೊಬ್ಬಳ ನೆನಪಾಯಿತು. ಅಲ್ಲೇ ನೆಲದ ಮೇಲೆ ಕೂತು, ತನ್ನ ಸ್ಪ್ರೇ ತೆಗೆದು, ಹೇಳಿಕೊಟ್ಟ ಹಾಗೆ ಕಿವಿಯ ಕಡೆಗೆ ತಿರುಗಿಸಿ ಹಾಕಿಕೊಂಡಳು.

"ಇಲ್ಲಿ ಕೇಳು. ನಾನು ಈ ಮನೆಗೆ ಬಂದಾಗ ನನಗೆ ಗೆರೆ ಇರ್ಲಿಲ್ಲ. ಆವತ್ತೇ ನಾನು ಈ ಮನೆಯವಳಾಗಿದ್ದೆ. ನಮ್ಮತ್ತೆಗೆ ಗೊತ್ತಾಗ್ಲಿಲ್ಲ. ನನಗೂ ಗೊತ್ತಾಗ್ಲಿಲ್ಲ, ಮಡ್ಡಿತಲೆ ನಂದು. ನೀನು ಹೆಂಗಿದ್ರೂ ನಮ್ಮವಳೇ ಕಣೇ, ಬಾ."

ಮೊದಲು ಒಂದು ಕೈ ಹೊರಗೆ ಬಂತು, ಆಮೇಲೆ ಮೂಗು.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಅಜ್ಜಿ ಒಳಗೆ ಬಂದಾಗ ಗುಬ್ಬಿ ಮಲಗಿದ್ದಳು, ಕೋಣೆಯಲ್ಲಿ ಸದ್ದೇ ಇರಲಿಲ್ಲ. ಯಾವಾಗಲೂ ಕೇಳುವ ಆ ಗೊರಗೊರ ಎಲ್ಲಿ? ಗಾಬರಿಯಿಂದ ಹತ್ತಿರ ಹೋದಳು. ಮಗುವಿನ ತುಟಿ ಮುಚ್ಚಿತ್ತು. ಮೂಗಿನ ಹೊಳ್ಳೆಗಳು ಇಷ್ಟಿಷ್ಟೇ ಅರಳುತ್ತಿದ್ದವು. ಕಣ್ಣಿನ ಕೆಳಗಿನ ಕಪ್ಪು ತೆಳುವಾಗಿ, ಅಜ್ಜಿ ಅದುವರೆಗೆ ಕಂಡೇ ಇರದ ಒಂದು ಮುಖ ಅಲ್ಲಿ ಮಲಗಿತ್ತು. ಅವಳು ಕೈಮೇಲೆ ಕೈಯಿಟ್ಟು ನಿಂತು ನೋಡಿದಳು. ಅಷ್ಟು ಚೆಂದದ ಮುಖ ಇಷ್ಟು ದಿನ ಒಳಗೇ ಕಾಯುತ್ತಿತ್ತಲ್ಲ!

ಹೊದಿಕೆ ಸರಿಪಡಿಸಲು ಬಗ್ಗಿದಾಗ ಮೂಗಿಗೆ ಏನೋ ತಾಕಿತು. ಬೆಚ್ಚಗಿತ್ತು, ಸ್ವಲ್ಪ ಸಿಹಿಯಾಗಿತ್ತು. ಅದೇನೆಂದು ಅವಳಿಗೆ ತಕ್ಷಣ ತಿಳಿಯಲಿಲ್ಲ. ಇನ್ನಷ್ಟು ಬಗ್ಗಿದಳು. ಮಗುವಿನ ತಲೆಯ ವಾಸನೆ ಅದು.

ಅಜ್ಜಿ ಸರಸರನೆ ಬಾಗಿಲು ತೆರೆದು ಅಂಗಡಿಗೆ ಬಂದಳು. ತಲೆ ಅರ್ಧ ನರೆತ ಮಗ ಯಂತ್ರದ ಮುಂದಿದ್ದ.

"ನಿಲ್ಸೋ ಅದನ್ನ. ಬಗ್ಗು."

"ಯಾಕಮ್ಮ? ತಲೇಲಿ ಏನಾದ್ರೂ ಇದ್ಯಾ?"

"ಬಗ್ಗು ಅಂದೆ."

ಎದುರಿನ ಗಡಿಯಾರದವನೂ ಅಂಗಡಿಗೆ ಬಂದಿದ್ದ ಗಿರಾಕಿಯೂ ನೋಡುತ್ತಿದ್ದಂತೆಯೇ ಆ ಎತ್ತರದ ಆಸಾಮಿ ನಾಚಿಕೊಂಡು ಬಗ್ಗಿದ. ಅಜ್ಜಿ ಅವನ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಮೂಸಿದಳು. ಬೆವರು, ಯಂತ್ರದ ಎಣ್ಣೆ, ಅದರ ಕೆಳಗೆ ಇನ್ನೊಂದು. ಅದು ಅವನದೇ. ಅವಳು ಬಿಡಲಿಲ್ಲ.

"ಏನಾಯ್ತಮ್ಮ?" ಎಂದ ಅವನು, ಬಗ್ಗಿದಲ್ಲಿಂದಲೇ.

"ಏನಿಲ್ಲ, ಸುಮ್ನಿರು," ಎಂದಳು. "ನಿನ್ನ ಹೆತ್ತಾಗ ನನ್ನ ಮೂಗು ಕಟ್ಟಿತ್ತು ಕಣೋ."